ಕಪ್ಪು ಪರದೆಯ ಮೇಲೆ ಕಾಣದ ನೀಲಿ

ಕಕ್ಕಡ ಮಾಸದ ಮಳೆ ಹಿಡಿಯಿತೆಂದರೆ ಕೊಡಗಿನಲ್ಲಿ ಮೊದಲು ಸೋಲುವುದು ವಿದ್ಯುತ್ತಿನ ತಂತಿ. ಅದರ ಬೆನ್ನಿಗೇ ಮೊಬೈಲು. ತೋಟದ ಮರವೊಂದು ತಂತಿಯ ಮೇಲೆ ಉರುಳಿದರೆ ಸಾಕು, ಒಂಟಿಮನೆಗಳಿಗೆ ಹೊರಜಗತ್ತಿನ ಸಂಬಂಧವೇ ಕಡಿದಂತೆ. ೨೦೨೧ರಲ್ಲಿ ಈ ಜಿಲ್ಲೆಯ ಶಾಲಾ ಶಿಕ್ಷಕರೊಬ್ಬರು ಮಕ್ಕಳಿಗೆ ಪಾಠ ಹೇಳಲೆಂದು ಮರದ ಮೇಲೆ ಅಟ್ಟಣೆ ಕಟ್ಟಿಕೊಂಡ ಸುದ್ದಿಯನ್ನು ಓದುಗರು ಮರೆತಿರಲಾರರು. ಹೀಗಿರುವಲ್ಲಿ ಮನೆಯಲ್ಲಿಯೇ ಕುಳಿತು ಬೆಂಗಳೂರಿನ ಕಂಪ್ಯೂಟರನ್ನು ನಡೆಸಬೇಕಾದ ತರುಣ ತರುಣಿಯರ ಪಾಡೇನು?

ಅವರಲ್ಲಿ ಜಾಣರಾದವರು ಚಿತ್ರ, ಗುಂಡಿ, ಕಿಟಕಿಗಳ ವೈಭವವನ್ನೆಲ್ಲ ಬಿಟ್ಟು ಟರ್ಮಿನಲನ್ನು ಆಶ್ರಯಿಸುತ್ತಾರೆ. ಕಪ್ಪು ಪರದೆ, ಅದರ ಮೇಲೆ ಅಕ್ಷರಗಳ ಸಾಲು; ಅಷ್ಟೇ ಅದರ ಆಡಂಬರ. ಎಷ್ಟು ಕ್ಷೀಣವಾದ ಸಂಪರ್ಕದಲ್ಲಿಯೂ ಅಕ್ಷರಗಳು ನುಸುಳಿ ಬರುತ್ತವೆ. ಅಲ್ಲಿ ಬರೆದು ತಿದ್ದುವ ಸಾಧನಕ್ಕೆ ಎಡಿಟರ್ ಎಂದು ಹೆಸರು. (ಪತ್ರಿಕೆಯ ಎಡಿಟರರಂತೆ ಇದು ಬರಹವನ್ನು ಹಿಂದಿರುಗಿಸುವುದಿಲ್ಲವೆಂಬುದೇ ಸಮಾಧಾನ.) ಇವುಗಳಲ್ಲಿ ಪ್ರಸಿದ್ಧವಾದ 'ವಿಐ'ಯನ್ನು ೧೯೭೬ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ರಚಿಸಿದವರು ಬಿಲ್ ಜಾಯ್. ಅವರಿಗಿದ್ದುದು ಸೆಕೆಂಡಿಗೆ ಸುಮಾರು ೩೦ ಅಕ್ಷರಗಳನ್ನು ಮಾತ್ರ ಸಾಗಿಸಬಲ್ಲ ದೂರವಾಣಿಯ ತಂತಿ. ೨೪ ಸಾಲುಗಳ, ಸಾಲಿಗೆ ೮೦ ಅಕ್ಷರಗಳ ಪರದೆಯೊಂದು ತುಂಬಲು ನಿಮಿಷಕ್ಕೂ ಹೆಚ್ಚು ಕಾಲ! ಆ ಬಡತನವೇ ಈ ಎಡಿಟರಿಗೆ ಮಿತವ್ಯಯವನ್ನು ಕಲಿಸಿತು. ೧೯೯೧ರಲ್ಲಿ ಹಾಲೆಂಡಿನ ಬ್ರಾಮ್ ಮೋಲೆನಾರ್ ಅದರ ಮಾದರಿಯಲ್ಲಿಯೇ 'ವಿಮ್' ಅನ್ನು ಹೊರತಂದರು. ಬೆಲೆ ಕೇಳದೆ, ಮೆಚ್ಚಿದವರು ಉಗಾಂಡದ ಅನಾಥ ಮಕ್ಕಳಿಗೆ ನೆರವಾಗಲೆಂದು ಕೋರಿದ ಆ ಸಜ್ಜನರು ೨೦೨೩ರಲ್ಲಿ ತೀರಿಕೊಂಡರು.

ಇದರ ಜೊತೆಗೆ ಮಳೆನಾಡಿಗೆ ವರವಾಗಿ ಬಂದುದು 'ಟೀಮಕ್ಸ್'. ಅದು ದೂರದ ಕಂಪ್ಯೂಟರಿನಲ್ಲಿಯೇ ನೆಲೆಸಿರುತ್ತದೆ. ಮಡಿಕೇರಿಯಲ್ಲಿ ಕರೆಂಟು ಹೋಗಲಿ, ಬೆಂಗಳೂರಿನಲ್ಲಿ ಕೆಲಸ ಬಿಟ್ಟ ಸ್ಥಳದಲ್ಲಿ ಬಿಟ್ಟಂತೆಯೇ ಕಾದಿರುತ್ತದೆ. ದೀಪ ಬಂದ ಮೇಲೆ ಪುನಃ ಅದೇ ಸಾಲಿನಿಂದ ಮುಂದುವರಿಯಬಹುದು.

ಆದರೆ ವರದ ಹಿಂದೆಯೇ ಒಂದು ಕಾಟ. ಟೀಮಕ್ಸಿನೊಳಗೆ ವಿಮ್ ತೆರೆದರೆ ಅನೇಕ ಸಲ ಬಣ್ಣಗಳು ಕೆಡುತ್ತವೆ. ಬಣ್ಣವೇನು ಅಲಂಕಾರವಲ್ಲವೇ ಎಂದು ಕೇಳಬಹುದು. ಅಲ್ಲ. ಉದ್ಧರಣ ಚಿಹ್ನೆಯೊಂದನ್ನು ಮುಚ್ಚಲು ಮರೆತರೆ ಅದರ ಮುಂದಿನ ಬರಹದ ಬಣ್ಣವೇ ಬದಲಾಗಿ ತಪ್ಪನ್ನು ಸಾರುತ್ತದೆ. ಅದಕ್ಕಿಂತ ಮುಖ್ಯವಾಗಿ, 'ಈ ಸಾಲನ್ನು ಅಳಿಸಬೇಡಿ' ಎಂಬಂತಹ ಎಚ್ಚರಿಕೆಯನ್ನು ಹಿಂದಿನವರು ಟಿಪ್ಪಣಿಯಾಗಿ ಬರೆದಿಡುತ್ತಾರೆ. ಬಣ್ಣ ಕೆಟ್ಟಾಗ ಕಡುನೀಲಿಯಾಗಿ ಕಪ್ಪಿನಲ್ಲಿ ಕರಗಿಹೋಗುವುದು ಆ ಟಿಪ್ಪಣಿಯೇ. ನಡುರಾತ್ರಿ ದಣಿದ ಕಣ್ಣುಗಳಿಗೆ ಅದು ಕಾಣದಿದ್ದರೆ ಮರುದಿನದ ಅನಾಹುತ ಯಾರ ತಲೆಗೆ?

ತಪ್ಪು ಬಹುಮಟ್ಟಿಗೆ ಎಡಿಟರಿನದಲ್ಲ, ಪರಿಚಯ ಹೇಳುವವನದು. ಯಾವ ಟರ್ಮಿನಲಿಗೆ ಎಷ್ಟು ಬಣ್ಣ ಗೊತ್ತು ಎಂಬುದಕ್ಕೆ ಕಂಪ್ಯೂಟರಿನೊಳಗೆ ಒಂದು ಪಟ್ಟಿಯುಂಟು. ಅಂತಹ ಪಟ್ಟಿಯನ್ನು ಮೊದಲು ಮಾಡಿದವರೂ ಬಿಲ್ ಜಾಯ್ ಅವರೇ. ನಡುವೆ ನಿಂತ ಟೀಮಕ್ಸ್ ಅನೇಕ ವೇಳೆ ತನ್ನನ್ನು 'ಸ್ಕ್ರೀನ್' ಎಂಬ ಹಳೆಯ ಹೆಸರಿನಿಂದ ಪರಿಚಯಿಸಿಕೊಳ್ಳುತ್ತದೆ. ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಇರುವುದು ೮ ಬಣ್ಣ. ಪರದೆಗೆ ೨೫೬ ಬಣ್ಣ ಬರುತ್ತಿದ್ದರೂ ವಿಮ್ ಎಂಟರಲ್ಲಿಯೇ ಸಂಸಾರ ಮಾಡುತ್ತದೆ. ಹಿನ್ನೆಲೆ ಬಿಳಿಯೆಂದು ತಪ್ಪಾಗಿ ಊಹಿಸಿದರಂತೂ ಟಿಪ್ಪಣಿಗೆ ಕಡುನೀಲಿಯನ್ನೇ ಆರಿಸುತ್ತದೆ.

ಕಕ್ಕಡದ ಹದಿನೆಂಟನೆಯ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಔಷಧಿಗಳ ಸತ್ವ ಕೂಡಿರುತ್ತದೆಂದು ಕೊಡಗಿನವರ ನಂಬಿಕೆ. ಆ ದಿನದ ನೇರಳೆ ಬಣ್ಣದ ಪಾಯಸವೂ ಸೊಗಸೇ. ಪರದೆಯ ರೋಗಕ್ಕೆ ಮಾತ್ರ ಹದಿನೆಂಟು ಮದ್ದುಗಳನ್ನು ಒಮ್ಮೆಗೇ ಕುಡಿಸಲಾಗದು. ಕಂಡಕಂಡ ಸೂಚನೆಗಳನ್ನೆಲ್ಲ ವಿಮ್‌ನ ಕಡತಕ್ಕೆ ಸುರಿದವರಿಗೆ ಕೊನೆಗೆ ಯಾವುದರಿಂದ ಕೆಟ್ಟಿತೆಂಬುದೇ ತಿಳಿಯದು. ಮೊದಲು ಅದೇ ಬರಹವನ್ನು ಟೀಮಕ್ಸಿನ ಹೊರಗೆ ತೆರೆದು ನೋಡಬೇಕು. ಅಲ್ಲಿ ಬಣ್ಣ ಸರಿಯಿದ್ದರೆ ಎಡಿಟರ್ ನಿರ್ದೋಷಿ. 'ಟಿಪುಟ್ ಕಲರ್ಸ್' ಎಂಬ ಆಜ್ಞೆಯನ್ನು ಹೊರಗೊಮ್ಮೆ, ಒಳಗೊಮ್ಮೆ ಕೊಟ್ಟರೆ ೨೫೬ ಎಲ್ಲಿ ೮ ಆಯಿತೆಂಬುದು ಬಯಲಾಗುತ್ತದೆ. ಆಗ ಟೀಮಕ್ಸಿನ ಕಡತದಲ್ಲಿ ಅದರ ಹೆಸರನ್ನು 'ಟೀಮಕ್ಸ್-೨೫೬ಕಲರ್' ಎಂದು ತಿದ್ದಬೇಕು. ದೂರದ ಯಂತ್ರದ ಪಟ್ಟಿಯಲ್ಲಿ ಆ ಹೆಸರಿಲ್ಲದಿದ್ದರೆ 'ಸ್ಕ್ರೀನ್-೨೫೬ಕಲರ್' ಸಾಕು. ಬಹಳ ಮಂದಿ ಎಡವುವುದು ಇದರ ನಂತರ: ಟೀಮಕ್ಸ್ ತನ್ನ ಕಡತವನ್ನು ತಾನಾಗಿ ಓದುವುದು ಮೊದಲು ಏಳುವಾಗ ಮಾತ್ರ. ಆದ್ದರಿಂದ ಒಳಗಿನ ಕೆಲಸಗಳನ್ನು ಉಳಿಸಿ, ಅದನ್ನು ಪೂರ್ತಿಯಾಗಿ ಮುಚ್ಚಿ ಎಬ್ಬಿಸಬೇಕು. ಕೊನೆಯಲ್ಲಿ ವಿಮ್‌ಗೆ ಹಿನ್ನೆಲೆ ಕಪ್ಪೆಂದು ತಿಳಿಸಿದರೆ ಟಿಪ್ಪಣಿಗಳು ಕತ್ತಲಿನಿಂದ ಎದ್ದುಬರುತ್ತವೆ.

ಇಷ್ಟಾದರೂ ಕನ್ನಡದ ಒತ್ತಕ್ಷರಗಳು ಕೆಳಗಿಳಿಯದೆ ಪಕ್ಕದಲ್ಲಿ ಚೆದುರಿ ನಿಂತರೆ ಬಣ್ಣವನ್ನು ದೂರಬಾರದು. ಟರ್ಮಿನಲ್ ಪರದೆಯನ್ನು ಸಮಾನ ಅಗಲದ ಮನೆಗಳಾಗಿ ಭಾಗಿಸಿಕೊಂಡಿರುತ್ತದೆ. ನಮ್ಮ ಅಕ್ಷರಗಳಾದರೋ ಒಂದೇ ಮನೆಯಲ್ಲಿ ಅಡಗುವಂಥವಲ್ಲ. ಕನ್ನಡದ ಟಿಪ್ಪಣಿ ಬರೆಯುವವರು ಸದ್ಯಕ್ಕೆ ಕರೆಂಟು ಇರುವ ಹೊತ್ತು ನೋಡಿ ಕಿಟಕಿಯುಳ್ಳ ಎಡಿಟರನ್ನೇ ತೆರೆಯುವುದು ಲೇಸು.