ಒಂದು ಜೀಪು, ಎರಡು ಬ್ಯಾಟರಿ

ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆಭೂಮಿಯಲ್ಲಿ ಮಳೆಗಾಲದಲ್ಲಿ ಜೀಪು ನಡೆಸಿದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಎಂಜಿನು ಚಾಲೂ ಆಗದೆ ನಿಂತರೆ, ಅಲ್ಲಿ ಗಾಡಿಯನ್ನು ತಳ್ಳಿ ಚಾಲೂ ಮಾಡುವುದು ಆಗದ ಮಾತು. ಹಸಿಯಾದ ಎರೆಮಣ್ಣು ಗಾಲಿಗಳಿಗೆ ಮೆತ್ತಿಕೊಳ್ಳುತ್ತದೆ. ತಳ್ಳುವವರ ಕಾಲುಗಳೇ ಹೂತುಹೋಗುತ್ತವೆ. ಕಿತ್ತೂರಿನಿಂದ ಪಡುವಣಕ್ಕೆ ಸರಿದಂತೆ ಮಳೆ ಇನ್ನೂ ಹೆಚ್ಚು. ರಾಮದುರ್ಗದ ಕಲ್ಲುಗುಡ್ಡಗಳ ದಾರಿಯಲ್ಲಿ ಮಣ್ಣಿನ ಕಾಟವಿಲ್ಲದಿದ್ದರೂ ನೆರವಿಗೆ ಬರುವ ಜನರೇ ಅಪರೂಪ.

ಎಂಜಿನು ಏಳದಿರಲು ಕಾರಣ ಅನೇಕ ವೇಳೆ ಹಿಂದಿನ ರಾತ್ರಿ ಉರಿಸಿದ ದೀಪವೇ ಆಗಿರುತ್ತದೆ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗಳಂದು ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಬಂಡಿ, ಟ್ರ್ಯಾಕ್ಟರು, ಜೀಪುಗಳ ಬಳಿಯಲ್ಲಿಯೇ ಒಲೆ ಹೂಡಿ ರಾತ್ರಿ ಕಳೆಯುವ ಕುಟುಂಬಗಳನ್ನು ನೋಡಬಹುದು. ದೀಪ, ಹಾಡಿನ ಪೆಟ್ಟಿಗೆ, ಮೊಬೈಲು ಫೋನುಗಳು ಎಲ್ಲಕ್ಕೂ ಗಾಡಿಯ ಒಂದೇ ಬ್ಯಾಟರಿಯಿಂದ ವಿದ್ಯುತ್ತು ಹರಿಯುತ್ತದೆ. ಬೆಳಗ್ಗೆ ಕೀಲಿ ತಿರುಗಿಸಿದಾಗ 'ಕಟ್, ಕಟ್' ಎಂಬ ಸದ್ದಿನ ಹೊರತು ಏನೂ ಇಲ್ಲ. ಇದಕ್ಕೆ ಪರಿಹಾರವೆಂದು ಎರಡನೆಯ ಬ್ಯಾಟರಿಯನ್ನು ಜೋಡಿಸುವ ವಾಡಿಕೆ ಬಂದಿದೆ. ಅದನ್ನು ಹೇಗೆ ಜೋಡಿಸಬೇಕು, ಹಾಗೆಯೇ ಏಕೆ ಜೋಡಿಸಬೇಕು ಎಂಬುದನ್ನು ಇಲ್ಲಿ ನೋಡೋಣ.

ಸೀಸ ಮತ್ತು ಗಂಧಕಾಮ್ಲಗಳ ಬ್ಯಾಟರಿಯನ್ನು ೧೮೫೯ರಲ್ಲಿ ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ನಿರ್ಮಿಸಿದನು. ಅದರ ರಸಾಯನ ಇಂದಿಗೂ ಅದೇ. ಧನ ಫಲಕದಲ್ಲಿ ಸೀಸದ ಡೈಆಕ್ಸೈಡು, ಋಣ ಫಲಕದಲ್ಲಿ ರಂಧ್ರಮಯವಾದ ಸೀಸ, ನಡುವೆ ನೀರು ಬೆರೆತ ಗಂಧಕಾಮ್ಲ. ವಿದ್ಯುತ್ತನ್ನು ಕೊಡುವಾಗ ಎರಡೂ ಫಲಕಗಳ ಮೇಲೆ ಸೀಸದ ಸಲ್ಫೇಟು ಕೂಡುತ್ತದೆ, ಆಮ್ಲವು ತೆಳುವಾಗುತ್ತದೆ. ವಿದ್ಯುತ್ತನ್ನು ಹಿಂದಕ್ಕೆ ತುಂಬಿದರೆ ಕ್ರಿಯೆ ತಿರುಗುಮುರುಗಾಗುತ್ತದೆ. ಒಂದೊಂದು ಕೋಶದಿಂದ ೨ ವೋಲ್ಟಿಗಿಂತ ತುಸು ಹೆಚ್ಚು ಒತ್ತಡ ದೊರೆಯುವುದರಿಂದ, ಆರು ಕೋಶಗಳ ಸಾಲು ತುಂಬಿದ್ದಾಗ ಸುಮಾರು ೧೨.೬ ವೋಲ್ಟು ತೋರಿಸುತ್ತದೆ. (ಹಳೆಯ ವಿಲ್ಲಿಸ್ ಜೀಪುಗಳಲ್ಲಿ ಮೂರೇ ಕೋಶಗಳ ೬ ವೋಲ್ಟಿನ ಬ್ಯಾಟರಿ ಇರುತ್ತಿತ್ತು.) ೧೯೧೨ರಲ್ಲಿ ಚಾರ್ಲ್ಸ್ ಕೆಟರಿಂಗನ ವಿದ್ಯುತ್ ಸ್ಟಾರ್ಟರು ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಬಂದ ಮೇಲೆ, ಕೈಯಿಂದ ಹ್ಯಾಂಡಲು ತಿರುವುವ ಕೆಲಸ ಕ್ರಮೇಣ ಈ ಬ್ಯಾಟರಿಯ ಪಾಲಾಯಿತು.

ಈಗ ಒಂದು ಸಣ್ಣ ಲೆಕ್ಕ. ಡೀಸೆಲ್ ಜೀಪಿನ ಸ್ಟಾರ್ಟರು ೨೫೦ ಆಂಪಿಯರುಗಳನ್ನು ೩ ಸೆಕೆಂಡು ಎಳೆಯುವುದೆಂದು ಇಟ್ಟುಕೊಳ್ಳೋಣ. ಅದು ೭೫೦ ಆಂಪಿಯರ್-ಸೆಕೆಂಡು. ೩೬೦೦ರಿಂದ ಭಾಗಿಸಿದರೆ ಸುಮಾರು ೦.೨ ಆಂಪಿಯರ್-ಗಂಟೆ ಮಾತ್ರ! ಇನ್ನು ರಾತ್ರಿಯ ಖರ್ಚನ್ನು ನೋಡಿ. ೧೦ ವಾಟಿನ ನಾಲ್ಕು ಎಲ್‌ಇಡಿ ದೀಪಗಳು, ೬೦ ವಾಟಿನ ಧ್ವನಿವರ್ಧಕ, ಫೋನುಗಳಿಗೆ ೨೦ ವಾಟು: ಒಟ್ಟು ೧೨೦ ವಾಟು. ೧೨ ವೋಲ್ಟಿನಲ್ಲಿ ಇದು ೧೦ ಆಂಪಿಯರು. ಐದು ತಾಸಿಗೆ ೫೦ ಆಂಪಿಯರ್-ಗಂಟೆ. ಅಂದರೆ ಎಂಜಿನನ್ನು ೨೪೦ ಸಲ ಎಬ್ಬಿಸಲು ಬೇಕಾಗುವಷ್ಟು ವಿದ್ಯುತ್ತು ಒಂದು ರಾತ್ರಿಯ ದೀಪ-ಹಾಡುಗಳಲ್ಲಿ ಕಳೆದುಹೋಯಿತು.

ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆ ಕೇಳಬಹುದು: ೬೦ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇನ್ನೂ ೧೦ ಉಳಿದಿರುವಾಗ, ೦.೨ ಮಾತ್ರ ಬೇಡುವ ಸ್ಟಾರ್ಟರು ಏಕೆ ತಿರುಗದು? ಉತ್ತರವಿರುವುದು ಬ್ಯಾಟರಿಯ ಒಳರೋಧದಲ್ಲಿ. ತುಂಬಿದ ಬ್ಯಾಟರಿಯ ಒಳರೋಧವು ೦.೦೦೫ ಓಮ್ ಎಂದು ಎಣಿಸಿದರೆ, ೨೫೦ ಆಂಪಿಯರು ಹರಿಯುವಾಗ ಒಳಗೇ ನಷ್ಟವಾಗುವ ಒತ್ತಡ ೧.೨೫ ವೋಲ್ಟು, ಸ್ಟಾರ್ಟರಿಗೆ ೧೧ಕ್ಕೂ ಮೇಲ್ಪಟ್ಟು ಉಳಿಯುತ್ತದೆ. ಬರಿದಾಗುತ್ತ ಬಂದ ಬ್ಯಾಟರಿಯಲ್ಲಿ ಆಮ್ಲ ತೆಳು, ಫಲಕಗಳ ಮೇಲೆ ವಿದ್ಯುತ್ತನ್ನು ಹಾಯಗೊಡದ ಸಲ್ಫೇಟು. ಒಳರೋಧ ೦.೦೧೫ಕ್ಕೆ ಏರಿ, ಮೂಲ ಒತ್ತಡ ೧೧.೮ಕ್ಕೆ ಇಳಿದಿದ್ದರೆ, ನಷ್ಟವೇ ೩.೭೫ ವೋಲ್ಟು, ಉಳಿಯುವುದು ೮. ಅಷ್ಟರಲ್ಲಿ ಡೀಸೆಲ್ ಎಂಜಿನಿನ ಸಂಪೀಡನವನ್ನು ಮೀರಿ ತಿರುಗುವುದು ಸ್ಟಾರ್ಟರಿಗೆ ಸಾಧ್ಯವಾಗದು. ಕೊರತೆ ಇರುವುದು ವಿದ್ಯುತ್ತಿನ ಮೊತ್ತದಲ್ಲಲ್ಲ, ಅದನ್ನು ಒಮ್ಮೆಗೇ ಕೊಡುವ ಕಸುವಿನಲ್ಲಿ.

ಆದಕಾರಣ ಎರಡು ಕೆಲಸಗಳಿಗೆ ಎರಡು ಬಗೆಯ ಬ್ಯಾಟರಿ ಯೋಗ್ಯ. ಸ್ಟಾರ್ಟರಿನ ಬ್ಯಾಟರಿಯಲ್ಲಿ ತೆಳುವಾದ ಅನೇಕ ಫಲಕಗಳಿರುತ್ತವೆ. ಮೇಲ್ಮೈ ಹೆಚ್ಚಿದ್ದಷ್ಟೂ ಕ್ಷಣಕಾಲದ ಪ್ರವಾಹ ಹೆಚ್ಚು. ಆದರೆ ಪದೇ ಪದೇ ತಳ ಮುಟ್ಟುವವರೆಗೆ ಬರಿದು ಮಾಡಿದರೆ ಅವು ಬೇಗ ಉದುರಿಹೋಗುತ್ತವೆ. ನಿಧಾನವಾಗಿ, ಆಳವಾಗಿ ಖರ್ಚಾಗುವ ಕೆಲಸಕ್ಕೆ ದಪ್ಪ ಫಲಕಗಳು ಬೇಕು. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಈ ಜಾತಿಯದು. ಅದನ್ನೂ ಅರ್ಧಕ್ಕಿಂತ ಕೆಳಗೆ ಇಳಿಸದಿರುವುದು ಲೇಸು. ಎಂದರೆ ೫೦ ಆಂಪಿಯರ್-ಗಂಟೆಯ ರಾತ್ರಿಗೆ ೧೦೦ರ ಬ್ಯಾಟರಿ.

ಎರಡನ್ನೂ ಸುಮ್ಮನೆ ಒಂದಕ್ಕೊಂದು ತಂತಿಯಿಂದ ಬಿಗಿದರೆ ಸಾಲದೆ? ಸಾಲದು. ಹಾಗೆ ಮಾಡಿದರೆ ರಾತ್ರಿಯ ದೀಪ ಎರಡನ್ನೂ ಬರಿದು ಮಾಡುತ್ತದೆ. ನಮ್ಮ ಸೀಮೆಯ ಒಕ್ಕಲಿಗನು ಬಿತ್ತನೆಯ ಜೋಳವನ್ನು ಉಣ್ಣುವ ಜೋಳದೊಡನೆ ಒಂದೇ ಹಗೇವಿಗೆ ಸುರಿಯುವುದಿಲ್ಲ. ಬರಗಾಲದಲ್ಲಿ ಎರಡೂ ಒಟ್ಟಿಗೆ ತೀರಿಹೋದಾವೆಂದು ಅವನಿಗೆ ಗೊತ್ತು. ಸುಗ್ಗಿಯಲ್ಲಿ ಎರಡೂ ತುಂಬಬೇಕು, ಖರ್ಚಿನಲ್ಲಿ ಮಾತ್ರ ಬೇರೆಯಾಗಿರಬೇಕು. ಎಂಜಿನು ಓಡುವಾಗ ಎರಡು ಬ್ಯಾಟರಿಗಳನ್ನೂ ಸಮಾಂತರವಾಗಿ ಕೂಡಿಸಿ, ನಿಂತೊಡನೆ ಬೇರ್ಪಡಿಸುವ ಸಾಧನವೇ ಈ ವ್ಯವಸ್ಥೆಯ ಜೀವಾಳ. ಕೆಲವು ಲಾರಿ, ಬಸ್ಸುಗಳಲ್ಲಿ ಕಾಣುವ ಜೋಡಿ ಬ್ಯಾಟರಿಗಳೊಡನೆ ಇದನ್ನು ಬೆರೆಸಬಾರದು. ಅಲ್ಲಿ ೨೪ ವೋಲ್ಟು ಪಡೆಯಲೆಂದು ಒಂದರ ಧನಕ್ಕೆ ಇನ್ನೊಂದರ ಋಣವನ್ನು ಕಟ್ಟಿರುತ್ತಾರೆ. ಜೀಪಿನಲ್ಲಿ ಹಾಗೆ ಕಟ್ಟಿದರೆ ದೀಪಗಳೆಲ್ಲ ಸುಟ್ಟುಹೋದಾವು.

ಬೇರ್ಪಡಿಸಲು ಡಯೋಡುಗಳನ್ನು ಬಳಸುವುದುಂಟು. ಸಿಲಿಕಾನ್ ಡಯೋಡಿನಲ್ಲಿ ಸುಮಾರು ೦.೭ ವೋಲ್ಟು ನಷ್ಟವಾಗುವುದರಿಂದ ಆಲ್ಟರ್ನೇಟರಿನ ೧೪.೨ ವೋಲ್ಟು ಬ್ಯಾಟರಿಯನ್ನು ಮುಟ್ಟುವಾಗ ೧೩.೫ ಆಗಿರುತ್ತದೆ, ಬ್ಯಾಟರಿ ಎಂದೂ ಪೂರ್ತಿ ತುಂಬದು. ಇದಕ್ಕಿಂತ ರಿಲೇ ಮೇಲು. ವಿದ್ಯುತ್ ಒತ್ತಡವನ್ನು ತಾನೇ ಅರಿಯುವ ರಿಲೇಯು, ಸ್ಟಾರ್ಟರ್ ಬ್ಯಾಟರಿಯ ಒತ್ತಡ ಸುಮಾರು ೧೩.೩ಕ್ಕೆ ಏರಿದಾಗ ಮುಚ್ಚಿಕೊಳ್ಳುತ್ತದೆ, ಸುಮಾರು ೧೨.೮ಕ್ಕೆ ಇಳಿದಾಗ ತೆರೆದುಕೊಳ್ಳುತ್ತದೆ. ತುಂಬಿದ ಬ್ಯಾಟರಿ ತಾನಾಗಿ ೧೨.೬ನ್ನು ಮೀರದು, ೧೩.೩ ಕಂಡಿತೆಂದರೆ ಆಲ್ಟರ್ನೇಟರು ತಿರುಗುತ್ತಿದೆ ಎಂದೇ ಅರ್ಥ. ಯಾರೂ ಗುಂಡಿ ಒತ್ತಬೇಕಾಗಿಲ್ಲ. ಎಂಜಿನು ನಿಂತ ಮೇಲೂ ಫಲಕಗಳ ಹೊರಪದರದ ಒತ್ತಡ ಇಳಿಯುವವರೆಗೆ ಕೆಲವು ನಿಮಿಷ ರಿಲೇ ಮುಚ್ಚಿಯೇ ಇರಬಹುದು. ಅದು ಕೆಟ್ಟಿದೆಯೆಂದು ತಿಳಿಯಬಾರದು.

ತಂತಿಯ ವಿಷಯದಲ್ಲಿ ಜಿಪುಣತನ ಮಾಡುವವರೇ ಹೆಚ್ಚು. ಎರಡನೆಯ ಬ್ಯಾಟರಿಯನ್ನು ಹಿಂಬದಿಯಲ್ಲಿ ಇರಿಸಿದರೆ ೪ ಮೀಟರು ತಾಮ್ರದ ತಂತಿ ಬೇಕಾದೀತು. ಅಡ್ಡಕೊಯ್ತ ೪ ಚದರ ಮಿಲಿಮೀಟರಿನ ತಂತಿಯ ರೋಧ ೦.೦೧೭ ಓಮ್; ೪೦ ಆಂಪಿಯರಿನಲ್ಲಿ ೦.೬೮ ವೋಲ್ಟು ಸೋರಿಹೋಗುತ್ತದೆ. ಡಯೋಡು ಬೇಡವೆಂದು ಬಿಟ್ಟು ಅದರಷ್ಟೇ ನಷ್ಟವನ್ನು ತಂತಿಯಲ್ಲಿ ತಂದುಕೊಂಡಂತಾಯಿತು! ೧೬ ಚದರ ಮಿಲಿಮೀಟರಿನದಾದರೆ ನಷ್ಟ ೦.೧೭ ಮಾತ್ರ.

ಎಲ್ಲಕ್ಕಿಂತ ಮುಖ್ಯವಾದುದು ಫ್ಯೂಸು. ಮನೆಯ ತಂತಿಗೆ ವಿದ್ಯುತ್ತು ಒಂದು ತುದಿಯಿಂದ ಬರುತ್ತದೆ. ಇಲ್ಲಿ ಎರಡು ತುದಿಗಳಲ್ಲಿಯೂ ಬ್ಯಾಟರಿಗಳಿವೆ. ಕುಲುಕಾಟದಲ್ಲಿ ತಂತಿಯ ಹೊದಿಕೆ ಸವೆದು ಗಾಡಿಯ ಕಬ್ಬಿಣವನ್ನು ಮುಟ್ಟಿದರೆ ಎರಡೂ ಕಡೆಯಿಂದ ನೂರಾರು ಆಂಪಿಯರು ನುಗ್ಗಿ ತಂತಿ ಕೆಂಪಗೆ ಕಾಯುತ್ತದೆ. ಒಂದೇ ಫ್ಯೂಸು ಹಾಕಿದ್ದರೆ ಅದು ಒಂದು ಕಡೆಯ ಪ್ರವಾಹವನ್ನಷ್ಟೇ ತಡೆದೀತು. ಇನ್ನೊಂದು ಬ್ಯಾಟರಿ ಬೆಂಕಿಯನ್ನು ಉರಿಸುತ್ತಲೇ ಇರುತ್ತದೆ. ಆದ್ದರಿಂದ ಎರಡು ಬ್ಯಾಟರಿಗಳ ಧನಾಗ್ರಕ್ಕೂ ಒಂದೊಂದು ಗೇಣಿನೊಳಗೆ ಒಂದೊಂದು ಫ್ಯೂಸು ಇರಲೇಬೇಕು, ಮತ್ತು ಅದು ತಂತಿ ತಾಳುವ ಪ್ರವಾಹವನ್ನು ಮೀರಿದ್ದಾಗಿರಬಾರದು. ಚಾಸಿಯ ತೂತುಗಳಲ್ಲಿ ತಂತಿ ಹಾಯುವಲ್ಲೆಲ್ಲ ರಬ್ಬರು ತೊಡಿಸಬೇಕು.

ಜೋಡಿಸುವಾಗ ಮೊದಲು ಬಿಚ್ಚಬೇಕಾದುದು ಋಣಾಗ್ರದ ತಂತಿ. ಗಾಡಿಯ ಮೈಯೆಲ್ಲ ಋಣಾಗ್ರಕ್ಕೆ ಕೂಡಿರುವುದರಿಂದ, ಮೊದಲು ಧನಾಗ್ರವನ್ನು ಬಿಚ್ಚಹೊರಟರೆ ಪಾನಾ ತಪ್ಪಿ ಮೈಗೆ ತಗುಲಿದೊಡನೆ ಕಿಡಿ ಹಾರುತ್ತದೆ. ತುಂಬುತ್ತಿರುವ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ; ಗಾಳಿಯಲ್ಲಿ ಅದು ನೂರಕ್ಕೆ ೪ ಪಾಲು ಬೆರೆತರೂ ಕಿಡಿಯಿಂದ ಸಿಡಿಯಬಲ್ಲದು. ನೀರು ಹಾಕುವ ಬಗೆಯ ಬ್ಯಾಟರಿಯನ್ನು ಜನರು ಕುಳಿತುಕೊಳ್ಳುವ ಮುಚ್ಚಿದ ಜಾಗದಲ್ಲಿ ಇಡಲೇಬಾರದೆನ್ನುವುದು ಇದಕ್ಕಾಗಿಯೇ. ಎಂಜಿನಿನ ಪಕ್ಕದ ಜಾಗ ತಂತಿಗೆ ಹತ್ತಿರವಾದರೂ ಬಹಳ ಬಿಸಿ. ಬೇಸಗೆಯ ರಾಮದುರ್ಗದಲ್ಲಿ ಹೊರಗಿನ ಬಿಸಿಲೇ ಬ್ಯಾಟರಿಯ ಆಯುಷ್ಯವನ್ನು ತಿನ್ನುತ್ತಿರುತ್ತದೆ. ತೆರೆದ ಜೀಪಾದರೆ ಹಿಂಬದಿಯ ನೆಲದ ಮೇಲೆ, ಗಾಳಿಯಾಡುವ ಪೆಟ್ಟಿಗೆಯಲ್ಲಿ, ಕಬ್ಬಿಣದ ಪಟ್ಟಿಯಿಂದ ಬಿಗಿದು ಇಡುವುದನ್ನು ನಾವು ಮೆಚ್ಚುತ್ತೇವೆ. ೨೫-೩೦ ಕಿಲೋ ತೂಕದ ವಸ್ತು ಕೊರಕಲಿನಲ್ಲಿ ಸಡಿಲಗೊಂಡರೆ ಏನಾದೀತೆಂದು ಹೇಳಬೇಕಾಗಿಲ್ಲ. ಕೋಶಗಳಿಗೆ ಹಾಕುವುದು ಬಟ್ಟಿಯಿಳಿಸಿದ ನೀರೇ ಆಗಿರಲಿ, ಕೊಳವೆಬಾವಿಯ ಗಡುಸು ನೀರು ಬೇಡ.

ಹೊಸ ಗಾಡಿಗಳ ಮಾತು ಬೇರೆ. ೨೦೨೦ರ ಬಿಎಸ್-೬ ನಿಯಮಗಳಿಗೆ ಹೊಂದಿಕೊಂಡ ಅನೇಕ ಗಾಡಿಗಳಲ್ಲಿ, ಇಂಧನ ಉಳಿಸಲೆಂದು ಆಲ್ಟರ್ನೇಟರಿನ ಒತ್ತಡವನ್ನು ಕಂಪ್ಯೂಟರು ಏರಿಳಿಸುತ್ತಿರುತ್ತದೆ. ಒತ್ತಡ ೧೨.೮ಕ್ಕಿಂತ ಕೆಳಗಿಳಿದರೆ ರಿಲೇಯು ಎಂಜಿನು ನಿಂತಿತೆಂದು ತಿಳಿದು ತೆರೆದುಕೊಳ್ಳುತ್ತದೆ. ಅಂಥಲ್ಲಿ ಬಂದ ಒತ್ತಡವನ್ನು ಬೇಕಾದಷ್ಟಕ್ಕೆ ಏರಿಸಿ ಕೊಡುವ ಡಿಸಿ-ಡಿಸಿ ಚಾರ್ಜರು ಬೇಕು. ಎರಡನೆಯ ಬ್ಯಾಟರಿ ಲಿಥಿಯಮ್ ಜಾತಿಯದಾದರಂತೂ ಅದು ಅನಿವಾರ್ಯ. ಲಿಥಿಯಮ್ ಬ್ಯಾಟರಿಯ ಒಳರೋಧ ಅತಿ ಕಡಿಮೆ. ಬರಿಯ ರಿಲೇಯ ಮೂಲಕ ಕೂಡಿಸಿದರೆ ಅದು ಎಳೆಯುವ ಪ್ರವಾಹಕ್ಕೆ, ನಿಧಾನವಾಗಿ ತಿರುಗುತ್ತಿರುವ ಆಲ್ಟರ್ನೇಟರು ಕಾದು ಕೆಡಬಹುದು.

ಖರ್ಚಾದುದನ್ನು ಮತ್ತೆ ತುಂಬುವ ಕಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಸರಾಸರಿ ೨೫ ಆಂಪಿಯರು ಹರಿದರೂ ೫೦ ಆಂಪಿಯರ್-ಗಂಟೆಗೆ ಎರಡು ತಾಸು. ಕೊನೆಯ ಐದನೆಯ ಒಂದು ಪಾಲು ಬಲು ನಿಧಾನ. ಗುಡ್ಡದಿಂದ ಬೈಲಹೊಂಗಲಕ್ಕೆ ಹಿಂದಿರುಗುವ ಸುಮಾರು ಒಂದು ತಾಸಿನ ಓಟದಲ್ಲಿ ಅದು ಅರ್ಧ ತುಂಬಿದರೆ ಹೆಚ್ಚು. ಮನೆಗೆ ಬಂದ ಮೇಲೆ ರಾತ್ರಿ ಅದನ್ನು ಗೋಡೆಯ ಚಾರ್ಜರಿಗೆ ಕೂಡಿಸಿಟ್ಟರೆ, ಬೆಳಗಾಗುವ ಹೊತ್ತಿಗೆ ಆಮ್ಲದ ವಿಶಿಷ್ಟ ಗುರುತ್ವ ಹೈಡ್ರೋಮೀಟರಿನಲ್ಲಿ ಮತ್ತೆ ೧.೨೮ರ ಸುಮಾರಿಗೆ ಬಂದಿರುತ್ತದೆ.