ಕೊಂಡಿಯೆಂಬ ಸಾಕ್ಷಿ

ನಮ್ಮ ಹಳೆಯ ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಪರಿಚಿತವಾಗಿರುತ್ತದೆ. ದಾನ ಕೊಟ್ಟವರು, ಪಡೆದವರು, ಭೂಮಿಯ ಎಲ್ಲೆಕಟ್ಟುಗಳು ಎಲ್ಲವನ್ನೂ ಹೇಳಿಯಾದ ಮೇಲೆ ಅನೇಕ ಶಾಸನಗಳಲ್ಲಿ ಸಾಕ್ಷಿಗಳ ಹೆಸರು ಬರುತ್ತದೆ. ಆ ಹೆಸರುಗಳಿಗೆ ಬೆಲೆಯಿದ್ದುದು ಅವರು ಊರಿನ ನಂಬಿಕೆಗೆ ಪಾತ್ರರಾಗಿದ್ದುದರಿಂದ. ಸಾಕ್ಷಿಯನ್ನು ಕೊಂಡು ತಂದು ನಿಲ್ಲಿಸಿದರೆ ಶಾಸನದ ಕಲ್ಲು ಉಳಿದೀತು. ಮಾತಿನ ತೂಕ ಉಳಿಯದು. ಇಂದಿನ ಅಂತರ್ಜಾಲವೂ ಇಂಥದೇ ಒಂದು ಸಾಕ್ಷ್ಯವ್ಯವಸ್ಥೆಯ ಮೇಲೆ ನಿಂತಿದೆ. ಅಲ್ಲಿ ಸಾಕ್ಷ್ಯ ಕೆಟ್ಟಾಗ ಏನಾಗುತ್ತದೆ, ಕೆಟ್ಟದ್ದನ್ನು ಸರಿಪಡಿಸುವ ದಾರಿ ಯಾವುದು ಎಂಬುದನ್ನು ಕೇಳುಗರ ಮುಂದಿಡುವುದು ಈ ಭಾಷಣದ ಉದ್ದೇಶ.

ಒಂದು ಜಾಲಪುಟದಿಂದ ಇನ್ನೊಂದಕ್ಕೆ ಹೋಗಲು ಇರುವ ಬಾಗಿಲೇ ಕೊಂಡಿ. 1998ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಲ್ಯಾರಿ ಪೇಜ್ ಮತ್ತು ಸರ್ಗೇ ಬ್ರಿನ್ ಎಂಬ ಇಬ್ಬರು ಸಂಶೋಧಕರು ಈ ಕೊಂಡಿಗಳಿಗೆ ಹೊಸ ಅರ್ಥವನ್ನು ಕೊಟ್ಟರು. ವಿದ್ವಾಂಸರು ಹೆಚ್ಚಾಗಿ ಉಲ್ಲೇಖಿಸುವ ಗ್ರಂಥ ಹೇಗೆ ಹೆಚ್ಚು ಗಣ್ಯವೋ, ಹಾಗೆಯೇ ಹೆಚ್ಚು ಕೊಂಡಿಗಳು ಬಂದು ಸೇರುವ ಪುಟವೂ ಗಣ್ಯವೆಂಬುದು ಅವರ ತರ್ಕ. ಗಣ್ಯವಾದ ಪುಟವೊಂದು ಕೊಡುವ ಕೊಂಡಿಗೆ ಸಾಮಾನ್ಯ ಪುಟದ ಕೊಂಡಿಗಿಂತ ತೂಕ ಹೆಚ್ಚು. ಗೂಗಲ್ ಎಂಬ ಶೋಧಯಂತ್ರ ಹುಟ್ಟಿದ್ದು ಈ ಬೀಜದಿಂದ.

ಸಂಶೋಧನ ಪ್ರಬಂಧಗಳನ್ನು ಬಹುಕಾಲ ಪರೀಕ್ಷಿಸಿದ ನನಗೆ ಈ ತರ್ಕದ ಬಲವೂ ಗೊತ್ತು, ದೌರ್ಬಲ್ಯವೂ ಗೊತ್ತು. ಪರಸ್ಪರ ಉಪಕಾರಕ್ಕಾಗಿ ಒಬ್ಬರನ್ನೊಬ್ಬರು ಹೊಗಳಿಕೊಳ್ಳುವ ಅಡಿಟಿಪ್ಪಣಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. ಅಂತರ್ಜಾಲದಲ್ಲಿ ಇದು ದೊಡ್ಡ ವ್ಯಾಪಾರವೇ ಆಯಿತು. ಕೊಂಡಿಗಳನ್ನು ಹಣಕ್ಕೆ ಮಾರಿದರು, ಕೊಂಡರು, ವಿನಿಮಯ ಮಾಡಿಕೊಂಡರು. ಇದನ್ನು ತಡೆಯಲು ಗೂಗಲ್ 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಎಂಬ ಗಣಕಸೂತ್ರವನ್ನು ಜಾರಿಗೆ ತಂದಿತು. ಇದಲ್ಲದೆ, ಸಂಸ್ಥೆಯ ಪರಿಶೀಲಕರೇ ಕಣ್ಣಾರೆ ನೋಡಿ ವಿಧಿಸುವ ದಂಡನೆಯೂ ಉಂಟು. ಅಂಥ ದಂಡನೆಗೆ ಗುರಿಯಾದ ತಾಣ ಅಳಿಸಿಹೋಗುವುದಿಲ್ಲ. ಹುಡುಕುವವರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಆದರೆ ಓದುಗರನ್ನೇ ನಂಬಿದ ತಾಣಕ್ಕೆ ಇವೆರಡರ ನಡುವೆ ಹೆಚ್ಚಿನ ಅಂತರವೇನೂ ಇಲ್ಲ.

ಸಾಹಿತ್ಯಾಸಕ್ತರಿಗೆ ಹತ್ತಿರವಾದ ನಿದರ್ಶನವೊಂದಿದೆ. ಯೇಲ್ ವಿಶ್ವವಿದ್ಯಾನಿಲಯದಲ್ಲಿ ಓದಿದ ಮೂವರು ಗೆಳೆಯರು 2009ರಲ್ಲಿ ರಾಪ್ ಜೀನಿಯಸ್ ಎಂಬ ತಾಣವನ್ನು ಆರಂಭಿಸಿದರು. ರಾಪ್ ಹಾಡುಗಳ ಸಾಲುಸಾಲಿಗೂ ಓದುಗರೇ ಟೀಕೆ ಬರೆಯುವ ಏರ್ಪಾಡು ಅದು. ಟೀಕು, ಟಿಪ್ಪಣಿ, ವ್ಯಾಖ್ಯಾನಗಳ ಪರಂಪರೆಯಲ್ಲಿ ಬೆಳೆದ ನಮ್ಮಂಥವರಿಗೆ ಅದರ ಮೇಲೆ ಅಭಿಮಾನ ಹುಟ್ಟುವುದು ಸಹಜವೇ. ಆದರೆ 2013ರ ಡಿಸೆಂಬರ್‌ನಲ್ಲಿ ಆ ತಾಣದವರು ಜಾಲದಲ್ಲಿ ಬರೆಯುವವರಿಗೆ ಒಂದು ಆಮಿಷವೊಡ್ಡಿದರು: ನಿಮ್ಮ ಬರಹದ ವಿಷಯ ಏನೇ ಇರಲಿ, ಅದರ ಕೊನೆಗೆ ಜಸ್ಟಿನ್ ಬೀಬರ್‌ನ ಹಾಡುಗಳಿಗೆ ನಮ್ಮ ಕೊಂಡಿಗಳನ್ನು ಸೇರಿಸಿ, ನಾವು ನಿಮ್ಮ ಬರಹಕ್ಕೆ ಪ್ರಚಾರ ಕೊಡುತ್ತೇವೆ. ಆ ಪತ್ರ ಬಯಲಾಯಿತು. ಡಿಸೆಂಬರ್ 25ರಂದು ದಂಡನೆ ಬಂದಿತು. ತಾಣದ ಹೆಸರನ್ನೇ ಕೊಟ್ಟು ಹುಡುಕಿದರೂ ಅದರ ಮುಖಪುಟ ಫಲಿತಾಂಶದ ಮೊದಲ ಪುಟದಲ್ಲಿ ಕಾಣಲಿಲ್ಲ.

ಇತರ ಹಾಡುತಾಣಗಳು ಇನ್ನೂ ಹೆಚ್ಚಿನ ಅಕ್ರಮ ಮಾಡುತ್ತಿವೆಯೆಂದು ಅವರು ಮೊದಲು ವಾದಿಸಿದರು. ಆ ವಾದ ಫಲಿಸಲಿಲ್ಲ. ಫಲಿಸಿದ್ದು ಶ್ರಮ. ತಮ್ಮ ತಾಣಕ್ಕೆ ಕೊಂಡಿ ಕೊಟ್ಟಿದ್ದ ಸುಮಾರು 1,78,000 ಪುಟಗಳ ಪಟ್ಟಿ ಮಾಡಿ, ಅವನ್ನು ಶೋಧಿಸಲು ಒಂದು ಕ್ರಮವಿಧಿಯನ್ನು ಬರೆದು, ಸಂಶಯಾಸ್ಪದವಾದವುಗಳನ್ನು ಬೇರ್ಪಡಿಸಿದರು. ಅವುಗಳನ್ನು ತೆಗೆಯುವಂತೆ ಪುಟದ ಒಡೆಯರನ್ನು ಕೇಳಿಕೊಂಡರು. 2014ರ ಜನವರಿ 4ರಂದು ತಾಣ ಮತ್ತೆ ಕಾಣಿಸಿಕೊಂಡಿತು. ಆದರೂ ಎಲ್ಲ ಹಾಡುಗಳಿಗೂ ಹಿಂದಿನ ಸ್ಥಾನ ಕೂಡಲೇ ಮರಳಲಿಲ್ಲ.

ಇಂಥ ಸಂಕಟಕ್ಕೆ ಸಿಲುಕಿದ ಯಾವ ತಾಣಕ್ಕಾದರೂ ದಾರಿ ಇದೇ. ಮೊದಲು ಬಂದ ಕೊಂಡಿಗಳನ್ನೆಲ್ಲ ಕಲೆಹಾಕಬೇಕು. ತಾನಾಗಿ ದೊರೆತದ್ದನ್ನೂ ಕೊಂಡದ್ದನ್ನೂ ವಿಂಗಡಿಸಬೇಕು. ಕೊಂಡದ್ದನ್ನು ತೆಗೆಯಿಸಬೇಕು. ಎಷ್ಟು ಬೇಡಿದರೂ ತೆಗೆಯದವುಗಳಿಗಾಗಿ ಗೂಗಲ್ 2012ರ ಅಕ್ಟೋಬರ್‌ನಲ್ಲಿ ನಿರಾಕರಣದ ಸೌಲಭ್ಯವೊಂದನ್ನು ಒದಗಿಸಿತು. ‘ಈ ಸಾಕ್ಷಿಗಳನ್ನು ನನ್ನ ಪರವಾಗಿ ಎಣಿಸಬೇಡಿ’ ಎಂದು ಬರೆದುಕೊಡುವ ಪಟ್ಟಿ ಅದು. ಕೊನೆಗೆ, ನಡೆದದ್ದೇನು, ಮಾಡಿದ್ದೇನು ಎಂಬುದನ್ನು ಮರೆಮಾಚದೆ ವಿವರಿಸಿ ಪುನರ್ವಿಮರ್ಶೆಗೆ ಅರ್ಜಿ ಸಲ್ಲಿಸಬೇಕು. ಭಯದಿಂದ ಒಳ್ಳೆಯ ಕೊಂಡಿಗಳನ್ನೂ ನಿರಾಕರಿಸುವುದು ಕಳೆಯೊಡನೆ ಪೈರನ್ನೂ ಕಿತ್ತಂತೆ. 2016ರ ಸೆಪ್ಟೆಂಬರ್‌ನಿಂದ ಪೆಂಗ್ವಿನ್ ಸೂತ್ರ ಕೆಟ್ಟ ಕೊಂಡಿಗಳಿಗಾಗಿ ಇಡೀ ತಾಣವನ್ನು ಕೆಳಗಿಳಿಸುವ ಬದಲು ಅವುಗಳ ಬೆಲೆಯನ್ನೇ ಕಳೆಯತೊಡಗಿತು. ಆದ್ದರಿಂದ ಪರಿಶೀಲಕರ ದಂಡನೆಯ ಸೂಚನೆಯಿಲ್ಲದವರು ಈ ಪಟ್ಟಿಗೆ ಕೈಹಾಕುವ ಅಗತ್ಯ ಸಾಮಾನ್ಯವಾಗಿ ಬೀಳದು.

ದಂಡನೆ ತೆರವಾದರೂ ಸ್ಥಾನ ಪೂರ್ತಿ ಮರಳಲಿಲ್ಲವೆಂದು ಅನೇಕರು ಕೊರಗುತ್ತಾರೆ. ಹಿಂದಿನ ಎತ್ತರದಲ್ಲಿ ಒಂದು ಪಾಲು ಸುಳ್ಳು ಸಾಕ್ಷ್ಯದಿಂದ ಬಂದದ್ದು. ಸಾಕ್ಷ್ಯ ಹೋದ ಮೇಲೆ ಅದೂ ಹೋಗಲೇಬೇಕು. ಉಳಿದದ್ದೇ ತಾಣದ ನಿಜವಾದ ಎತ್ತರ. ಅದನ್ನು ಬೆಳೆಸಲು ಇನ್ನೊಬ್ಬರು ತಾವಾಗಿ ಉಲ್ಲೇಖಿಸುವಂಥದ್ದನ್ನು ಬರೆಯುವುದಲ್ಲದೆ ಬೇರೆ ದಾರಿಯಿಲ್ಲ.

ಆದರೆ ಒಂದು ಪ್ರಶ್ನೆ ನನ್ನನ್ನು ಬಿಡದು. ಇಲ್ಲಿ ದೋಷ ಹೊರಿಸುವವರು, ತೀರ್ಪು ಕೊಡುವವರು, ಮೇಲ್ಮನವಿ ಕೇಳುವವರು ಎಲ್ಲರೂ ಒಂದೇ ಖಾಸಗಿ ಸಂಸ್ಥೆಯವರು. ಹೆಸರಾದ ತಾಣವೊಂದು ಹತ್ತು ದಿನಗಳಲ್ಲಿ ಮರಳಿ ಬಂದಿತು. ಹೇಳುವವರು ಕೇಳುವವರಿಲ್ಲದ ಸಣ್ಣ ಅಂಗಡಿಯವನಿಗೆ, ಯಾರದೋ ಸಲಹೆ ನಂಬಿ ಕೊಂಡಿ ಕೊಂಡ ಬಡ ಪ್ರಕಾಶಕನಿಗೆ, ಆ ನೈಪುಣ್ಯವೂ ಇಲ್ಲ, ಸಹಾಯಕರೂ ಇಲ್ಲ. ಸಾಕ್ಷಿಯ ಶುದ್ಧಿಯನ್ನು ಕೇಳುವುದು ನ್ಯಾಯವೇ. ಆ ನ್ಯಾಯ ಎಲ್ಲರಿಗೂ ಒಂದೇ ಅಳತೆಯಲ್ಲಿ ದೊರೆಯಬೇಕೆಂದು ಕೇಳುವುದೂ ಅಷ್ಟೇ ನ್ಯಾಯ.