ಕೋರಂ ಆಯ್ತೇನ್ರಿ?

2021ರ ಸೆಪ್ಟೆಂಬರಿನಲ್ಲಿ ಕಲಬುರಗಿ ಮಹಾನಗರ ಪಾಲಿಕೆಯ 55 ವಾರ್ಡುಗಳಿಗೆ ಚುನಾವಣೆ ನಡೆಯಿತು. ಕಾಂಗ್ರೆಸ್ 27, ಬಿಜೆಪಿ 23, ಜೆಡಿಎಸ್ 4, ಪಕ್ಷೇತರ ಒಬ್ಬರು. ಚಹಾದಂಗಡಿಯ ಲೆಕ್ಕದಲ್ಲಿ ಕಾಂಗ್ರೆಸ್ಸಿಗೆ ಇನ್ನೊಂದು ಕೈ ಸಿಕ್ಕರೆ ಸಾಕಿತ್ತು. ಮೇಯರ್ ಆಯ್ಕೆ ನಡೆದದ್ದು ಒಂದೂವರೆ ವರ್ಷದ ಮೇಲೆ, 2023ರ ಮಾರ್ಚಿನಲ್ಲಿ. ಗೆದ್ದದ್ದು ಬಿಜೆಪಿ!

ಚಹಾದಂಗಡಿಯವರು ಬಿಟ್ಟಿದ್ದು ಒಂದು ಸಣ್ಣ ಕಲಮನ್ನು. 1976ರ ಪೌರ ನಿಗಮಗಳ ಕಾಯ್ದೆಯ ಪ್ರಕಾರ ಆ ನಗರದ ಸಂಸದರು, ಶಾಸಕರು, ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ರಾಜ್ಯಸಭೆ ಮತ್ತು ವಿಧಾನ ಪರಿಷತ್ ಸದಸ್ಯರೂ ಕೈ ಎತ್ತಬಹುದು. ಸರ್ಕಾರ ನಾಮಕರಣ ಮಾಡಿದವರಿಗೆ ಆ ಹಕ್ಕಿಲ್ಲ. ಅವರು ಕೂತು ಮಾತಾಡಬಹುದು, ಅಷ್ಟೆ. ಪರಿಷತ್ ಸದಸ್ಯರ ಹೆಸರು ಇಲ್ಲಿನ ಪಟ್ಟಿಗೆ ಸೇರಿದ್ದರ ಮೇಲೆ ಆಗ ಎದ್ದ ಜಗಳ ಈ ಮತದ ಹಕ್ಕಿನ ಕಾರಣಕ್ಕೇ. ಸಭೆಯ ಗೆಲುವು ಸೋಲು ಎಷ್ಟೋ ಸಲ ಗಂಟೆ ಬಾರಿಸುವ ಮೊದಲೇ ಮುಗಿದಿರುತ್ತದೆ.

ಸಭೆಯ ನಿಯಮವೆಂದರೆ ವಕೀಲರ ಕಾರುಬಾರು ಅಂತ ನಮ್ಮಲ್ಲೊಂದು ಭಾವನೆಯಿದೆ. ಆದರೆ ಅಂಥ ನಿಯಮಗಳನ್ನು ಬರೆದಿಟ್ಟ ಹೆನ್ರಿ ಮಾರ್ಟಿನ್ ರಾಬರ್ಟ್ ವಕೀಲನಾಗಿರಲಿಲ್ಲ, ಅಮೆರಿಕದ ಸೈನ್ಯದ ಎಂಜಿನಿಯರ್. 1863ರಲ್ಲಿ ಒಂದು ಚರ್ಚಿನ ಸಭೆಗೆ ಅಧ್ಯಕ್ಷನಾಗಿ ಕೂತು, ಗದ್ದಲ ಹತೋಟಿಗೆ ಬಾರದೆ ಮುಖಭಂಗವಾಗಿ ಎದ್ದುಬಂದ. ಆ ಅವಮಾನ ಅವನಿಂದ ಸಭೆಯ ನಿಯಮಗಳ ಒಂದು ಪುಸ್ತಕ ಬರೆಸಿತು; ಅದು 1876ರಲ್ಲಿ ಹೊರಬಂತು. ಒಂದು ಹೊತ್ತಿಗೆ ಒಂದೇ ವಿಷಯ, ಸೂಚಕರಿಗೊಬ್ಬ ಅನುಮೋದಕ, ಮಾತೆಲ್ಲ ಅಧ್ಯಕ್ಷರ ಕಡೆಗೆ: ಸಂಘ ಸಂಸ್ಥೆಗಳ ವಾರ್ಷಿಕ ಸಭೆಗಳಲ್ಲಿ ನಾವು ಕಾಣುವ ಪದ್ಧತಿಯೂ ಹೆಚ್ಚುಕಡಿಮೆ ಇದೇ.

ಕಲಬುರಗಿಯಿಂದ ಹುಮನಾಬಾದ್ ದಾರಿ ಹಿಡಿದರೆ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಗೆ ಹೆಸರಾದ, ಆ ಬಾಳೆಗೆ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಊರು; ಈಗ ತಾಲ್ಲೂಕು ಕೇಂದ್ರ. ಸಭೆಯ ಪದ್ಧತಿ ತಿಳಿಯದಿದ್ದರೆ ಏನಾಗುತ್ತದೆಂದು ನೋಡಲು ಈ ಭಾಗದ ಹಳ್ಳಿಯೊಂದರ ಗ್ರಾಮಸಭೆ ಅಂದುಕೊಳ್ಳಿ. ತೋಟದ ದಾರಿ ಕೆಟ್ಟಿದೆ ಅಂತ ರೈತನೊಬ್ಬ ಅರ್ಧ ತಾಸು ಕೂಗಾಡುತ್ತಾನೆ. ಎಲ್ಲರೂ ‘ಖರೇ ಅದ’ ಎನ್ನುತ್ತಾರೆ. ಮುಂದಿನ ಸಭೆಗೆ ಬಂದು ನೋಡಿದರೆ ನಡಾವಳಿ ಪುಸ್ತಕದಲ್ಲಿ ದಾರಿಯ ಸುದ್ದಿಯೇ ಇಲ್ಲ. ಅವನು ಮಾತಾಡಿದ್ದ, ಠರಾವು ಮಂಡಿಸಿರಲಿಲ್ಲ. ‘ಈ ದಾರಿ ಕ್ರಿಯಾಯೋಜನೆಗೆ ಸೇರಲಿ, ಇದು ನನ್ನ ಸೂಚನೆ’ ಅಂತ ಒಬ್ಬ, ‘ನನ್ನ ಅನುಮೋದನೆ ಅದ’ ಅಂತ ಇನ್ನೊಬ್ಬ ಹೇಳಿದ್ದರೆ ಬರೆದುಕೊಳ್ಳದೆ ಬಿಡುವುದು ಕಷ್ಟವಾಗುತ್ತಿತ್ತು.

ಪಂಚಾಯತ್ ರಾಜ್ ಕಾಯ್ದೆ ಹಳ್ಳಿಯವರ ಕೈಯಲ್ಲಿ ಸಾಕಷ್ಟು ಕೊಟ್ಟಿದೆ. ಗ್ರಾಮಸಭೆಯ ಕೋರಂ, ಅಂದರೆ ಸಭೆ ನಡೆಯಲು ಬೇಕಾದ ಕನಿಷ್ಠ ಹಾಜರಿ, ಒಟ್ಟು ಸದಸ್ಯರ ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ಪಟ್ಟಿಯಲ್ಲಿರುವ ಪ್ರತಿ ಮತದಾರನೂ ಅದರ ಸದಸ್ಯ. ಪಂಚಾಯಿತಿಯ ಸಾಮಾನ್ಯ ಸಭೆಗೆ ಸದಸ್ಯರಿಗೆ 7 ದಿನ ಮುಂಚೆ ನೋಟಿಸು ಹೋಗಬೇಕು, ವಿಶೇಷ ಸಭೆಗೆ 3 ದಿನ. ಏನು ಚರ್ಚೆ ಎಂಬುದೂ ಅದರಲ್ಲಿರಬೇಕು. ಇಷ್ಟಿದ್ದೂ ಅಜೆಂಡಾದ ಕೊನೆಯ ಸಾಲೊಂದನ್ನು ನಾನು ಅನುಮಾನದಿಂದಲೇ ಓದುತ್ತೇನೆ: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರಬಹುದಾದ ಇತರೆ ವಿಷಯಗಳು’. ಜನ ಎದ್ದು ಚಪ್ಪಲಿ ಹುಡುಕುವ ಹೊತ್ತಿಗೆ ಆ ಬಾಗಿಲಿನಿಂದ ಏನು ಬೇಕಾದರೂ ಒಳಬರಬಹುದು.

ಅದಕ್ಕಿಂತ ಅಪಾಯದ ಮಾತು ‘ಇಲ್ಲೊಂದು ಸಹಿ ಮಾಡ್ರಿ, ಆಮ್ಯಾಲ ಬರೀತೀವಿ’. ಹಾಜರಿಯ ಸಹಿಗೂ ಒಪ್ಪಿಗೆಯ ಸಹಿಗೂ ಪುಸ್ತಕದಲ್ಲಿ ಬೇರೆ ಬೇರೆ ಬಣ್ಣದ ಮಸಿಯೇನೂ ಇರುವುದಿಲ್ಲ. ನಾನು ಕಂಡ ಹಳೆಯ ಗುಮಾಸ್ತರೊಬ್ಬರು ಕೊನೆಯ ಠರಾವು ಬರೆದಾದ ಮೇಲೆ ಅದನ್ನು ಗಟ್ಟಿಯಾಗಿ ಓದಿ, ಕೆಳಗೆ ಉಳಿದ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆದು, ಆಮೇಲೆಯೇ ಪುಸ್ತಕವನ್ನು ಅಧ್ಯಕ್ಷರ ಮುಂದೆ ಸಹಿಗೆ ಇಡುತ್ತಿದ್ದರು.